ಯಂತ್ರದ ಮುಖ ಯಾರ ಕಡೆಗಿದೆ?



ಮಂಡಿಗೆ ಮಾಲು ಹಾಕಿ ಬಂದ ಯಾರಿಗಾದರೂ ಗೊತ್ತಿರುವ ಮಾತು ಇದು. ತೂಕದ ಯಂತ್ರ ಎಷ್ಟೇ ಹೊಸದಾಗಿರಲಿ, ಅಂಕಿ ಮೂಡುವ ಅದರ ಮುಖ ಯಾರ ಕಡೆಗೆ ತಿರುಗಿದೆ ಎಂಬುದರ ಮೇಲೆ ನಮ್ಮ ಗತಿ ನಿಂತಿದೆ. ಮುಖ ನಮ್ಮ ಕಡೆಗಿದ್ದರೆ ಮೂಟೆ ಎಷ್ಟು ತೂಗಿತೆಂದು ನಾವೂ ನೋಡುತ್ತೇವೆ. ವರ್ತಕನ ಕಡೆಗಿದ್ದರೆ ಅವನು ಕೂಗಿದ್ದೇ ತೂಕ. ಹಾಲಿನ ಡೈರಿಯಲ್ಲೂ ಅಷ್ಟೇ. ಫ್ಯಾಟ್ ನೋಡುವ ಯಂತ್ರದ ಅಂಕಿ ಹಾಲು ಹಾಕುವವರ ಕಣ್ಣಿಗೆ ಬೀಳಬೇಕು, ಚೀಟಿ ಅವರ ಕೈಗೆ ಬರಬೇಕು. ಆಗ ಮಾತ್ರ ಅದು ರೈತರ ಯಂತ್ರ.

ಈಗ ನಮ್ಮ ಹಳ್ಳಿಗಳಿಗೆ ಬೇರೆ ಬಗೆಯ ಯಂತ್ರಗಳು ಬರುತ್ತಿವೆ. ತರುತ್ತಿರುವವರು ವರ್ತಕರಲ್ಲ, ಸರ್ಕಾರದವರೂ ಅಲ್ಲ. ನಾವು ಲಾಭಕ್ಕೆ ಬಂದವರಲ್ಲ, ಸೇವೆಗೆ ಬಂದವರು ಎನ್ನುವ ಸ್ವಯಂಸೇವಾ ಸಂಸ್ಥೆಗಳವರು. ಒಬ್ಬರು ಕ್ಯಾಮೆರಾ ಹಿಡಿದು ಬರುತ್ತಾರೆ. ಇನ್ನೊಬ್ಬರು ವಾಟ್ಸಾಪ್ ಗುಂಪು ಮಾಡಿ ನಮ್ಮ ನಂಬರು ಸೇರಿಸುತ್ತಾರೆ. ಮತ್ತೊಬ್ಬರು ಟ್ಯಾಬ್ ಹಿಡಿದು ಹೊಲದ ಮೂಲೆಮೂಲೆಗೆ ಹೋಗಿ ಅಳತೆ, ಬೆಳೆ, ಸಾಲ, ಸಂಸಾರ ಎಲ್ಲ ಬರೆದುಕೊಳ್ಳುತ್ತಾರೆ. ಸಹಭಾಗಿತ್ವ, ಸಮುದಾಯದ ಪಾಲ್ಗೊಳ್ಳುವಿಕೆ ಅಂತ ದೊಡ್ಡ ಮಾತು ಆಡುತ್ತಾರೆ. ನಮ್ಮಲ್ಲಿ ಕೆಲವರು ಕೈಮುಗಿದು ಎಲ್ಲಕ್ಕೂ ಹೂಂ ಅನ್ನುತ್ತಾರೆ. ಕೆಲವರು, ಇವರೆಲ್ಲ ಫಾರಿನ್ ದುಡ್ಡಿನ ಗಿರಾಕಿಗಳು, ಊರೊಳಗೆ ಸೇರಿಸಬೇಡಿ ಎನ್ನುತ್ತಾರೆ. ಎರಡೂ ಸೋಮಾರಿತನದ ಮಾತು. ಹೂಂ ಅನ್ನುವವನೂ ವಿಚಾರಿಸುವುದಿಲ್ಲ, ಊಹೂಂ ಅನ್ನುವವನೂ ವಿಚಾರಿಸುವುದಿಲ್ಲ. ತೂಕದ ಯಂತ್ರಕ್ಕೆ ಕೇಳುವ ಪ್ರಶ್ನೆಯನ್ನೇ ಇವಕ್ಕೂ ಕೇಳಬೇಕು: ಮುಖ ಯಾರ ಕಡೆಗಿದೆ? ನಡೆದುಹೋದ ನಾಲ್ಕಾರು ಸಂಗತಿಗಳನ್ನು ನಿಮ್ಮ ಮುಂದೆ ಇಡುತ್ತೇನೆ. ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ.

ಬೂದಿಕೋಟೆಯ ತಂತಿ

ಮೊದಲು ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲೂಕಿನ ಬೂದಿಕೋಟೆಗೆ ಹೋಗೋಣ. ಹೈದರಾಲಿ ಹುಟ್ಟಿದ ಊರು ಅಂತ ಶಾಲೆಯಲ್ಲಿ ಓದಿರುತ್ತೀರಿ. 2000ದ ನಂತರದ ಮೊದಲ ವರ್ಷಗಳಲ್ಲಿ ಮೈರಾಡ, ವಾಯ್ಸಸ್ ಎಂಬ ಎರಡು ಸಂಸ್ಥೆಗಳು ಯುನೆಸ್ಕೋ ನೆರವಿನಿಂದ ಅಲ್ಲಿ 'ನಮ್ಮ ಧ್ವನಿ' ಎಂಬ ಕೇಂದ್ರ ಕಟ್ಟಿದವು. ಮಾತಾಡಿದವರು, ಧ್ವನಿ ಹಿಡಿದವರು, ನಡೆಸಿದವರು ಊರಿನ ಸಂಘದ ಹೆಂಗಸರು ಮತ್ತು ಹುಡುಗ ಹುಡುಗಿಯರು.

ಆದರೆ ರೇಡಿಯೋ ಅಂದ ಮೇಲೆ ಸರ್ಕಾರದ ಪರವಾನಗಿ ಬೇಕಲ್ಲ. ಗಾಳಿಯಲ್ಲಿ ಹರಿಯುವ ಅಲೆ ಸಾರ್ವಜನಿಕ ಸ್ವತ್ತು, ಸರ್ಕಾರದ ಏಕಸ್ವಾಮ್ಯವಲ್ಲ ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿತ್ತು. ಹಾಗಿದ್ದರೂ ಮುಂದೆ ಅನುಮತಿ ಸಿಕ್ಕಿದ್ದು ವಿದ್ಯಾಸಂಸ್ಥೆಗಳಿಗೆ ಮಾತ್ರ. ಸ್ವಯಂಸೇವಾ ಸಂಸ್ಥೆಗಳು ಸಮುದಾಯ ರೇಡಿಯೋ ನಡೆಸಬಹುದೆಂಬ ನೀತಿ ಬಂದಿದ್ದು 2006ರಲ್ಲಿ. ಅಲ್ಲಿಯವರೆಗೆ ಬೂದಿಕೋಟೆಯವರು ಕೈಕಟ್ಟಿ ಕೂತರೇ? ಇಲ್ಲ. ಕಾರ್ಯಕ್ರಮಗಳನ್ನು ಕ್ಯಾಸೆಟ್ಟಿಗೆ ತುಂಬಿ ಸಂಘದ ಸಭೆಗಳಲ್ಲಿ ಕೇಳಿಸಿದರು. ಆಮೇಲೆ ಟಿವಿಯ ಕೇಬಲ್ ತಂತಿಯಲ್ಲೇ ತಮ್ಮ ಧ್ವನಿಯನ್ನು ಮನೆಮನೆಗೆ ಹರಿಸಿದರು. ಗಾಳಿಗೆ ಬೀಗ ಹಾಕಿದರೆ ತಂತಿ ಹಿಡಿದು ಹೋದರು ಅನ್ನಿ.

ಇಲ್ಲಿ ಯಂತ್ರದ ಮುಖ ಊರಿನ ಕಡೆಗಿತ್ತು. ದೂರದ ಪಂಡಿತರು ಬಂದು ಉಪದೇಶ ಮಾಡಲಿಲ್ಲ. ಊರಿನ ಮಾತನ್ನು ಊರೇ ಕೇಳಿತು. ಒಂದು ಕೊರತೆಯನ್ನೂ ಹೇಳಬೇಕು. 2006ರ ನೀತಿ ಪರವಾನಗಿ ಕೊಟ್ಟ ಕೈಯಲ್ಲೇ ಒಂದು ಮೂಗುದಾರ ಹಾಕಿತು. ಸಮುದಾಯ ರೇಡಿಯೋ ಸುದ್ದಿಯನ್ನಾಗಲೀ ರಾಜಕೀಯ ವಿಚಾರವನ್ನಾಗಲೀ ಪ್ರಸಾರ ಮಾಡುವಂತಿಲ್ಲ ಎಂದಿತು. ಅಂದರೆ ಗೊಬ್ಬರ ಹೇಗೆ ಹಾಕಬೇಕು ಅಂತ ಧಾರಾಳವಾಗಿ ಹೇಳಬಹುದು. ಗೊಬ್ಬರದ ಬೆಲೆ ಯಾಕೆ ಏರಿತು ಅಂತ ಕೇಳಹೊರಟರೆ ಅದು ರಾಜಕೀಯವೋ ಅಲ್ಲವೋ ಎಂಬ ಅಳುಕು ಶುರುವಾಗುತ್ತದೆ. ರೈತನ ಬದುಕಿನಲ್ಲಿ ಬೆಲೆಗಿಂತ ದೊಡ್ಡ ಸುದ್ದಿ ಯಾವುದಿದೆ ಸ್ವಾಮಿ?

'ಆ ರೈತ ಯಾವ ಊರಿನವನು?'

ಎರಡನೆಯದು ಬೆಂಗಳೂರಿನಲ್ಲಿ ಹುಟ್ಟಿದ ಡಿಜಿಟಲ್ ಗ್ರೀನ್. 2006ರಲ್ಲಿ ಮೈಕ್ರೋಸಾಫ್ಟ್ ಕಂಪೆನಿಯ ಸಂಶೋಧನಾ ಕೇಂದ್ರದ ಒಂದು ಯೋಜನೆಯಾಗಿ ಶುರುವಾಯಿತು. ಆಮೇಲೆ ಪ್ರತ್ಯೇಕ ಸಂಸ್ಥೆಯಾಯಿತು. ಕನಕಪುರದ ಕಡೆ ನಾಟಿ ಬೀಜ ಉಳಿಸುವ ಕೆಲಸ ಮಾಡುತ್ತಿದ್ದ ಗ್ರೀನ್ ಫೌಂಡೇಶನ್ ಜೊತೆಗೂಡಿ ಕೆಲಸ ಮಾಡಿತು. ಅವರ ಉಪಾಯ ಸರಳವಾದದ್ದು. ಕೃಷಿ ಅಧಿಕಾರಿಯ ಭಾಷಣದ ಬದಲು, ಒಬ್ಬ ರೈತ ತನ್ನ ಹೊಲದಲ್ಲೇ ನಿಂತು ತಾನು ಮಾಡುವ ಕೆಲಸವನ್ನು ಮಾಡಿ ತೋರಿಸುತ್ತಾನೆ. ಅದನ್ನು ವಿಡಿಯೋ ತೆಗೆಯುವುದು. ಸಂಜೆ ಹತ್ತಾರು ಜನ ಕೂತಲ್ಲಿ ತೋರಿಸುವುದು. ತೋರಿಸುವವರು ಊರಿನವರೇ, ನಡುನಡುವೆ ನಿಲ್ಲಿಸಿ, ಪ್ರಶ್ನೆ ಕೇಳಿಸಿಕೊಂಡು, ಚರ್ಚೆ ಮಾಡಿಸುತ್ತಾರೆ. ಆಮೇಲೆ ಯಾರು ಅದನ್ನು ಹೊಲದಲ್ಲಿ ಮಾಡಿದರು, ಯಾರು ಬಿಟ್ಟರು ಎಂದು ಬರೆದಿಡುತ್ತಾರೆ.

ನಮ್ಮ ರಾಜ್ಯದ ಹಳ್ಳಿಗಳಲ್ಲೇ ನಡೆದ ಮೊದಲ ಪರೀಕ್ಷೆಯ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಹಳೇ ಪದ್ಧತಿಯ ವಿಸ್ತರಣಾ ಕೆಲಸಕ್ಕೆ ಹೋಲಿಸಿದರೆ ಕೆಲವು ಕೃಷಿ ವಿಧಾನಗಳನ್ನು ಅಳವಡಿಸಿಕೊಂಡ ರೈತರ ಪ್ರಮಾಣ ಸುಮಾರು 7 ಪಟ್ಟು ಹೆಚ್ಚು. ಖರ್ಚಿನ ಲೆಕ್ಕದಲ್ಲಿ ನೋಡಿದರೆ 10 ಪಟ್ಟು ಪರಿಣಾಮಕಾರಿ. ಕಾರಣ ಏನು? ವಿಡಿಯೋ ನೋಡಿದ ರೈತರು ಕೇಳುತ್ತಿದ್ದ ಮೊದಲ ಪ್ರಶ್ನೆಯೇ ಉತ್ತರ ಹೇಳುತ್ತದೆ: 'ಆ ರೈತನ ಹೆಸರೇನು, ಯಾವ ಊರಿನವನು?' ಪಕ್ಕದ ಊರಿನವನು, ನನ್ನಂಥದೇ ಹೊಲ, ನನ್ನಂಥದೇ ಎತ್ತು ಅಂತ ಗೊತ್ತಾದರೆ ನಂಬಿಕೆ ಬರುತ್ತದೆ. ಇದನ್ನು ನಡೆಸಿದವರೇ ಬರೆದಿದ್ದಾರೆ: ಕೆಲಸ ಮಾಡಿದ್ದು ಜನ, ಜನ ಸುತ್ತ ಕೂರುವುದಕ್ಕೆ ವಿಡಿಯೋ ಒಂದು ನೆಪ.

ಈಗ ಅದೇ ಸಂಸ್ಥೆ, ಫೋನಿನಲ್ಲಿ ಪ್ರಶ್ನೆ ಕೇಳಿದರೆ ಯಂತ್ರವೇ ಉತ್ತರ ಕೊಡುವ 'ಫಾರ್ಮರ್ ಚಾಟ್' ತಂದಿದೆ. ಒಳ್ಳೆಯದೇ ಇರಬಹುದು. ಆದರೆ ನಾವು ಹಳೆಯ ಪ್ರಶ್ನೆಯನ್ನು ಬಿಡಬಾರದು. ಈ ಉತ್ತರ ಹೇಳುತ್ತಿರುವವನು ಯಾವ ಊರಿನವನು? ಅವನ ಹೊಲ ಎಲ್ಲಿದೆ? ಅವನಿಗೆ ಬೆಳೆ ಕೈಕೊಟ್ಟರೆ ಸಾಲ ತೀರಿಸುವವರು ಯಾರು?

ಸುದ್ದಿ ಬಂತು, ಬೆಲೆ ಬರಲಿಲ್ಲ

ಇನ್ನು ಬೆಲೆಯ ವಿಚಾರ. ಹಲವರು ಹೇಳುತ್ತಾರೆ: ರೈತನಿಗೆ ಮಾರುಕಟ್ಟೆಯ ಮಾಹಿತಿ ಇಲ್ಲ, ಅದಕ್ಕೇ ಮೋಸ ಹೋಗುತ್ತಾನೆ, ಫೋನಿಗೆ ದರ ಕಳಿಸಿದರೆ ಎಲ್ಲ ಸರಿಹೋಗುತ್ತದೆ. ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಮಹಾರಾಷ್ಟ್ರದ 100 ಹಳ್ಳಿಗಳಲ್ಲಿ ಒಂದು ಅಧ್ಯಯನ ನಡೆಯಿತು, 2012ರಲ್ಲಿ ಪ್ರಕಟವಾಯಿತು. ರಾಯಿಟರ್ಸ್ ಮಾರ್ಕೆಟ್ ಲೈಟ್ ಎಂಬ ಸೇವೆಯ ಮೂಲಕ ರೈತರ ಫೋನಿಗೆ ದರ, ಮಳೆ, ಬೆಳೆ ಸಲಹೆಯ ಸಂದೇಶ ಕಳಿಸಿದರು. ಅದು ಕಂಪೆನಿಯ ಸೇವೆ, ಸ್ವಯಂಸೇವಾ ಸಂಸ್ಥೆಯದಲ್ಲ. ಪಾಠ ಇಬ್ಬರಿಗೂ ಒಂದೇ. ಸಂದೇಶ ಪಡೆದವರಿಗೆ ಸಿಕ್ಕ ಬೆಲೆಗೂ ಪಡೆಯದವರಿಗೆ ಸಿಕ್ಕ ಬೆಲೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ನಮಗೆ ಇದರಲ್ಲಿ ಆಶ್ಚರ್ಯ ಏನಿದೆ? ಇನ್ನೊಂದು ಮಂಡಿಯಲ್ಲಿ ಇನ್ನೂರು ರೂಪಾಯಿ ಹೆಚ್ಚಿದೆ ಅಂತ ಫೋನು ಹೇಳುತ್ತದೆ. ಆದರೆ ಬಿತ್ತನೆಗೆ ಮುಂಗಡ ಕೊಟ್ಟ ದಲ್ಲಾಳಿ ಈ ಮಂಡಿಯಲ್ಲಿ ಕೂತಿದ್ದಾನೆ. ನನ್ನದು ಎಂಟು ಮೂಟೆ, ಲಾರಿ ಬಾಡಿಗೆಗೆ ಸಾಲದು. ಟೊಮೇಟೊ ಆದರೆ ನಾಳೆಯವರೆಗೆ ನಿಲ್ಲುವುದಿಲ್ಲ. ಕಾಯುವ ಶಕ್ತಿ ಇಲ್ಲದವನಿಗೆ ದರದ ಸುದ್ದಿ ಕೊಡುವುದು, ಕಾಲು ಕಟ್ಟಿಹಾಕಿದವನಿಗೆ ದಾರಿ ತೋರಿಸಿದ ಹಾಗೆ.

ಕಟ್ಟು ಬಿಚ್ಚುವುದು ಹೇಗೆ ಅಂತ ಕರಾವಳಿ ಮಲೆನಾಡಿನ ಅಡಿಕೆಯವರು ತೋರಿಸಿದ್ದಾರೆ. 1970ರ ದಶಕದ ಆರಂಭದಲ್ಲಿ ಅಡಿಕೆ ಬೆಲೆ ನೆಲಕಚ್ಚಿದಾಗ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಸೇರಿ 1973ರಲ್ಲಿ ಕ್ಯಾಂಪ್ಕೋ ಸಹಕಾರಿ ಕಟ್ಟಿದರು. ಮಾರುಕಟ್ಟೆಗಿಳಿದು ತಾವೇ ಅಡಿಕೆ ಕೊಂಡರು. ಅದೇ ಸೀಮೆಯ ಪುತ್ತೂರಿನಿಂದ 1988ರಲ್ಲಿ 'ಅಡಿಕೆ ಪತ್ರಿಕೆ' ಹೊರಟಿತು. ಕೃಷಿಕರೇ ಬರೆಯಬೇಕು, ಕೃಷಿಕರ ಕೈಗೆ ಲೇಖನಿ ಬರಬೇಕು ಎಂಬುದು ಅದರ ನಿಲುವು. ಒಂದು ಕಡೆ ಕೊಳ್ಳುವ ಕೈ, ಇನ್ನೊಂದು ಕಡೆ ಬರೆಯುವ ಕೈ. ಸಹಭಾಗಿತ್ವ ಅಂದರೆ ಇದು. ಸುದ್ದಿಯ ಹಿಂದೆ ಸಂಘಟನೆ ಇದ್ದರೆ ಮಾತ್ರ ಸುದ್ದಿಗೆ ಬೆಲೆ, ಮಾಲಿಗೂ ಬೆಲೆ.

ವಾರಂಗಲ್ಲಿನ ಹತ್ತಿ, ಹೆಂಗಸರ ಕ್ಯಾಮೆರಾ

ನಮ್ಮ ಬೀದರಿನ ಗಡಿಗೆ ಹತ್ತಿರದ ಜಹೀರಾಬಾದ್ ಇದೆಯಲ್ಲ, ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆ ಬಡ ದಲಿತ ಹೆಂಗಸರ ಸಂಘಗಳ ಜೊತೆ ಕೆಲಸ ಮಾಡುತ್ತಾ ಬಂದಿದೆ. ಅವರ 'ಸಂಘಂ ರೇಡಿಯೋ' 2008ರಲ್ಲಿ ಪ್ರಸಾರ ಶುರುಮಾಡಿತು. ಅದಕ್ಕೂ ಮೊದಲೇ ಅಕ್ಷರ ಬಾರದ ಹೆಂಗಸರೂ ಸೇರಿ ಕ್ಯಾಮೆರಾ ಹಿಡಿಯುವುದನ್ನು ಕಲಿತಿದ್ದರು.

2002ರ ಮಾರ್ಚಿಯಲ್ಲಿ ಕೇಂದ್ರ ಸರ್ಕಾರ ಬಿಟಿ ಹತ್ತಿಗೆ ಅನುಮತಿ ಕೊಟ್ಟಿತು. ಆ ಹಂಗಾಮಿನಲ್ಲಿ ಈ ಹೆಂಗಸರು ಕ್ಯಾಮೆರಾ ತೆಗೆದುಕೊಂಡು ವಾರಂಗಲ್ ಜಿಲ್ಲೆಯ ಹತ್ತಿ ರೈತರ ಹೊಲಗಳಿಗೆ ಹೋದರು. ಒಂದು ದಿನ ಹೋಗಿ ಫೋಟೋ ಹಿಡಿದು ಬಂದದ್ದಲ್ಲ. ಬಿತ್ತಿದಾಗ ಹೋದರು, ಗಿಡ ಎದ್ದಾಗ ಹೋದರು, ಕಾಯಿ ಕಟ್ಟಿದಾಗ ಹೋದರು, ಬಿಡಿಸಿದಾಗಲೂ ಹೋದರು. ಬೀಜ ಕೊಂಡಾಗ ರೈತ ಏನು ಆಸೆ ಇಟ್ಟುಕೊಂಡಿದ್ದ, ಕೊನೆಗೆ ಕೈಗೆ ಏನು ಬಂತು ಎಂಬುದನ್ನು ಅವನ ಬಾಯಿಂದಲೇ ಹೇಳಿಸಿದರು. ಅದೇ ವೇಳೆ ಇಬ್ಬರು ಕೃಷಿ ತಜ್ಞರು ಖರ್ಚು, ಇಳುವರಿ, ಉಳಿತಾಯದ ಲೆಕ್ಕವನ್ನು ಹಂಗಾಮಿನುದ್ದಕ್ಕೂ ಬರೆದರು. ಬಿಟಿ ಹತ್ತಿ ವಾರಂಗಲ್ಲಿನ ರೈತರಿಗೆ ಯಾಕೆ ಸಿಟ್ಟು ತರಿಸಿತು ಎಂಬ ಚಿತ್ರ 2003ರಲ್ಲಿ ಹೊರಬಂತು. ಅವರ ತೀರ್ಮಾನಕ್ಕೂ ಬೀಜ ಕಂಪೆನಿಯ ಹೇಳಿಕೆಗೂ ಅಜಗಜಾಂತರ. ವಾದ ವಿವಾದ ಬಹಳ ನಡೆಯಿತು. 2005ರಲ್ಲಿ ಮೊದಲ ಮೂರು ಬಿಟಿ ತಳಿಗಳಿಗೆ ಆಂಧ್ರದಲ್ಲಿ ಅನುಮತಿ ಮುಂದುವರಿಸಲು ಕೇಂದ್ರದ ಸಮಿತಿ ಒಪ್ಪಲಿಲ್ಲ. ಆಮೇಲೆ ಬೇರೆ ಬಿಟಿ ತಳಿಗಳು ದೇಶವನ್ನೇ ತುಂಬಿಕೊಂಡವು, ಅದು ನಿಜ. ಆ ಚರ್ಚೆಯನ್ನು ಇಲ್ಲಿ ಎಳೆಯುವುದಿಲ್ಲ.

ನಾನು ಹೇಳಬೇಕಾದ್ದು ಇಷ್ಟು. ಇಲ್ಲಿಯವರೆಗೆ ಹೇಳಿದ ಯಂತ್ರಗಳಲ್ಲಿ ಈ ಕ್ಯಾಮೆರಾ ಮಾತ್ರ ರೈತನ ಲೆಕ್ಕಪತ್ರದ ಕಡೆ ಮುಖ ಮಾಡಿತು. ಹೇಗೆ ಬೆಳೆಯಬೇಕು ಅಂತ ಕಲಿಸಲು ನೂರು ಜನ ಇದ್ದಾರೆ. ಬೆಳೆದು ಏನು ಉಳಿಯಿತು ಅಂತ ಕೇಳುವವರು ಎಷ್ಟು ಜನ?

ಸೇವೆ ಹೋಗಿ ಷೇರು ಬಂತು

ಈಗ ಕೆಟ್ಟ ಉದಾಹರಣೆ. ಸಂಘ ಕಟ್ಟುವ ಕೆಲಸವನ್ನು ನಮ್ಮ ನಾಡಿನಲ್ಲಿ ಮೈರಾಡದಂಥ ಸಂಸ್ಥೆಗಳು 1980ರ ದಶಕದಲ್ಲೇ ಶುರುಮಾಡಿದ್ದವು. 1992ರಲ್ಲಿ ನಬಾರ್ಡು 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಕೈಗೊಂಡಿತು. ಅಲ್ಲಿ ಉಳಿತಾಯ ಸಂಘದ್ದು, ಪುಸ್ತಕ ಸಂಘದ್ದು. ಯಾರಿಗೆ ಎಷ್ಟು ಸಾಲ ಎಂಬ ತೀರ್ಮಾನ ಜಮಖಾನದ ಮೇಲೆ ಕೂತ ಸದಸ್ಯರದ್ದು.

1990ರ ದಶಕದ ಕೊನೆಗೆ ಆಂಧ್ರದ ಮೆದಕ್ ಜಿಲ್ಲೆಯಲ್ಲಿ ಸ್ವಯಂ ಕೃಷಿ ಸಂಗಮ್, ಅಂದರೆ ಎಸ್‌ಕೆಎಸ್, ಎಂಬುದು ಲಾಭರಹಿತ ಸಂಸ್ಥೆಯಾಗಿ ಬಡ ಹೆಂಗಸರಿಗೆ ಸಣ್ಣ ಸಾಲ ಕೊಡಲು ಶುರುಮಾಡಿತು. ಲೆಕ್ಕವೆಲ್ಲ ಕಂಪ್ಯೂಟರಿಗೆ ಏರಿತು. ಸಾಲ ಕೊಡುವ ವೇಗ ಏರಿತು. 2005ರಲ್ಲಿ ಅದು ಕಂಪೆನಿಯಾಯಿತು. 2010ರ ಆಗಸ್ಟಿನಲ್ಲಿ ಷೇರುಪೇಟೆಗೆ ಹೋಯಿತು. ಎರಡೇ ತಿಂಗಳಲ್ಲಿ, ಸಣ್ಣ ಸಾಲದ ಕಂಪೆನಿಗಳ ಬಲವಂತದ ವಸೂಲಿ, ಸಾಲಗಾರರ ಆತ್ಮಹತ್ಯೆಯ ದೂರುಗಳ ನಡುವೆ ಆಂಧ್ರ ಸರ್ಕಾರ ಅವುಗಳಿಗೆ ಲಗಾಮು ಹಾಕುವ ಸುಗ್ರೀವಾಜ್ಞೆ ತರಬೇಕಾಯಿತು. ನಮ್ಮಲ್ಲೂ 2025ರಲ್ಲಿ ಕಿರುಸಾಲದ ಕಿರುಕುಳ ತಡೆಯಲು ಸುಗ್ರೀವಾಜ್ಞೆ ಬಂದದ್ದು ನಿಮಗೆ ನೆನಪಿದೆ.

ಸೇವೆಯ ಹೆಸರಲ್ಲಿ ಊರಿಗೆ ಬಂದಾಗ ಹೆಂಗಸರು ನಂಬಿ ಕೊಟ್ಟದ್ದು ಏನು? ಹೆಸರು, ಮನೆ, ವರಮಾನ, ಕಂತು ಕಟ್ಟುವ ನಿಯತ್ತು. ಸಂಸ್ಥೆ ಕಂಪೆನಿಯಾದ ದಿನ ಈ ಗಿರಾಕಿಗಳೂ ಅವರ ಲೆಕ್ಕವೂ ಕಂಪೆನಿಯ ಆಸ್ತಿಯಾಯಿತು. ಅವರನ್ನು ಯಾರೂ ಕೇಳಲಿಲ್ಲ. ಪುಸ್ತಕ ಸಂಘದ ಪೆಟ್ಟಿಗೆಯಲ್ಲಿದ್ದಿದ್ದರೆ ಮಾರುವುದಕ್ಕೆ ಏನೂ ಇರುತ್ತಿರಲಿಲ್ಲ.

ಇವತ್ತು ಟ್ಯಾಬ್ ಹಿಡಿದು ಬಂದವರು ಬರೆದುಕೊಳ್ಳುತ್ತಿರುವುದೂ ಇದನ್ನೇ. ಪಹಣಿ ನಂಬರು, ಆಧಾರ್, ಬೋರ್‌ವೆಲ್ಲಿನ ಆಳ, ಯಾವ ಅಂಗಡಿಯಲ್ಲಿ ಗೊಬ್ಬರ ಸಾಲ, ಎಷ್ಟು ಬಡ್ಡಿ. ಒಬ್ಬನದು ಆದರೆ ಸಣ್ಣ ವಿಷಯ. ಇಡೀ ತಾಲೂಕಿನದು ಒಂದು ಕಡೆ ಸೇರಿದರೆ, ಯಾರು ಯಾವಾಗ ಮಾರಲೇಬೇಕಾದ ಸ್ಥಿತಿಯಲ್ಲಿದ್ದಾರೆ ಅಂತ ಕೊಳ್ಳುವವನಿಗೆ ಮೊದಲೇ ತಿಳಿಯುತ್ತದೆ. ನಮ್ಮ ಬಡತನದ ನಕ್ಷೆ ನಮ್ಮೆದುರಿಗೇ ಉಪಯೋಗಕ್ಕೆ ಬರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಂದು ಮಾತು ಹೇಳಿದೆ: ಒಪ್ಪಿಗೆ ಕೇಳುವ ನೋಟೀಸನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಓದುವ ಅವಕಾಶ ಇರಬೇಕು. ಕನ್ನಡ ಆ ಪಟ್ಟಿಯಲ್ಲಿದೆ. ಕನ್ನಡದಲ್ಲಿ ಓದಿ ಹೇಳದ ಕಾಗದಕ್ಕೆ ಹೆಬ್ಬೆಟ್ಟನ್ನೂ ಒತ್ತಬೇಡಿ, ಫೋನಿನಲ್ಲಿ ಬೆರಳನ್ನೂ ಒತ್ತಬೇಡಿ.

ಕೇಳಬೇಕಾದ ಐದು ಪ್ರಶ್ನೆ

ಹಾಗಾದರೆ ಸಂಸ್ಥೆಯವರು ಊರಿಗೆ ಬಂದಾಗ ಏನು ಮಾಡಬೇಕು? ಕುರ್ಚಿ ಹಾಕಿ, ಕಾಫಿ ಕೊಡಿ. ಆಮೇಲೆ ಹತ್ತು ಜನರ ಎದುರಿಗೆ ಐದು ಪ್ರಶ್ನೆ ಕೇಳಿ.

1. ಇದರಲ್ಲಿ ಮಾತಾಡುವವರು ಯಾರು? ನಮ್ಮೂರಿನ ರೈತರೋ, ನೀವು ಕರೆತಂದವರೋ?

2. ಬರೆದುಕೊಂಡ ಲೆಕ್ಕದ ಒಂದು ಪ್ರತಿ ನಮ್ಮ ಸಂಘದ ಕೈಯಲ್ಲಿ ಉಳಿಯುತ್ತದೋ? ಬೇರೆಯವರಿಗೆ ಕೊಡುವ ಮೊದಲು ನಮ್ಮನ್ನು ಕೇಳುತ್ತೀರೋ?

3. ದುಡ್ಡು ಎಲ್ಲಿಂದ? ವಿದೇಶದ್ದಾದರೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಂತೆ ನೀವು ಸರ್ಕಾರಕ್ಕೆ ಲೆಕ್ಕ ಒಪ್ಪಿಸುತ್ತೀರಿ. ಅದೇ ಲೆಕ್ಕ ಊರಿಗೂ ಹೇಳುತ್ತೀರೋ?

4. ಮೂರು ವರ್ಷದ ಯೋಜನೆ ಮುಗಿದು ನೀವು ಹೊರಟ ಮೇಲೆ ಯಂತ್ರ ಯಾರದ್ದು, ನಡೆಸುವವರು ಯಾರು?

5. ಹೆಚ್ಚು ಬೆಳೆಯುವುದನ್ನು ಹೇಳಿಕೊಡುತ್ತೀರಿ, ಸರಿ. ಬೆಳೆದದ್ದಕ್ಕೆ ಬೆಲೆ ಬರುವ ಕೆಲಸದಲ್ಲಿ ನಮ್ಮ ಜೊತೆ ಬರುತ್ತೀರೋ?

ಐದನೆಯ ಪ್ರಶ್ನೆಗೆ ಎಷ್ಟೋ ಜನ ತಲೆ ಕೆರೆದುಕೊಳ್ಳುತ್ತಾರೆ. ಅವರಿಗೆ ನಾವೇ ಒಂದು ಕೆಲಸ ಕೊಡೋಣ. ಬೆಂಬಲ ಬೆಲೆ ನಿಗದಿಗೆ ಬೇಕಾದ ಸಾಗುವಳಿ ವೆಚ್ಚದ ಲೆಕ್ಕ, ಕೃಷಿ ವಿಶ್ವವಿದ್ಯಾಲಯಗಳ ಮೂಲಕ, ಆಯ್ದ ಕೆಲವೇ ರೈತರಿಂದ ಬರುತ್ತದೆ. ಸ್ವಾಮಿನಾಥನ್ ಆಯೋಗ 2006ರಲ್ಲಿ, ವೆಚ್ಚದ ಮೇಲೆ ಕನಿಷ್ಠ ನೂರಕ್ಕೆ 50 ಸೇರಿಸಿ ಬೆಲೆ ಕೊಡಿ ಎಂದಿತು. 2018ರಿಂದ ಕೇಂದ್ರ ಸರ್ಕಾರ, ಒಂದೂವರೆ ಪಟ್ಟು ಕೊಡುತ್ತಿದ್ದೇವೆ ಎನ್ನುತ್ತಿದೆ. ಆದರೆ ಯಾವ ವೆಚ್ಚದ ಮೇಲೆ? ಕೈಯಿಂದ ಬಿಟ್ಟ ಖರ್ಚು ಮತ್ತು ಮನೆಯವರ ದುಡಿಮೆಯ ಮೇಲೆ. ಸ್ವಂತ ಜಮೀನಿನ ಗೇಣಿ, ಹಾಕಿದ ಸ್ವಂತ ಬಂಡವಾಳದ ಬಡ್ಡಿ ಆ ಲೆಕ್ಕದ ಹೊರಗೆ. ನಾವು ಇದನ್ನು ಭಾಷಣದಲ್ಲಿ ಹೇಳುತ್ತೇವೆ. ಅಧಿಕಾರಿ ಫೈಲು ತೆಗೆದು ಅಂಕಿ ತೋರಿಸುತ್ತಾನೆ. ನಮ್ಮ ಕೈಯಲ್ಲಿ ಅಂಕಿ ಇಲ್ಲ.

ಅಂಕಿ ಬೇಕು ಬಾಂಧವರೇ. ಊರಿಗೆ ಹದಿನೈದು ಇಪ್ಪತ್ತು ಜನ, ಒಂದು ಬೆಳೆ, ಒಂದು ಹಂಗಾಮು. ಬೀಜ, ಗೊಬ್ಬರ, ಔಷಧಿ, ಟ್ರ್ಯಾಕ್ಟರ್ ಬಾಡಿಗೆ, ಕೂಲಿ, ಹೆಂಡತಿ ಮಕ್ಕಳು ಹೊಲದಲ್ಲಿ ಕಳೆದ ದಿನ, ಚೀಲ, ಲಾರಿ, ಹಮಾಲಿ, ಕಮಿಷನ್ ಎಲ್ಲ ಬರೆಯೋಣ. ಸಾಲದ ಬಡ್ಡಿಯನ್ನೂ ಬರೆಯೋಣ. ತಿಂಗಳಿಗೆ ನೂರಕ್ಕೆ ಮೂರು ಅಂದರೆ ಸಣ್ಣದಾಗಿ ಕೇಳುತ್ತದೆ, ವರ್ಷಕ್ಕೆ 36 ಆಗುತ್ತದೆ. ಪ್ರತಿ ರಸೀದಿಯ ಫೋಟೋ ಫೋನಿನಲ್ಲಿ ಇರಲಿ. ಬರೆಯಲು ಬಾರದವರು ಮಾತಾಡಿ ಧ್ವನಿಯಲ್ಲಿ ಹಾಕಲಿ, ಮನೆಯ ಮಕ್ಕಳು ಬರೆಯಲಿ. ಕೂಡಿಸಿ ಕಳೆಯುವುದಕ್ಕೆ, ಬೇರೆ ತಾಲೂಕಿನ ಲೆಕ್ಕದ ಜೊತೆ ಹೋಲಿಸುವುದಕ್ಕೆ, ತಪ್ಪಿದ್ದರೆ ತಿದ್ದುವುದಕ್ಕೆ ಸಂಸ್ಥೆಯವರು ಬರಲಿ. ಅವರಿಗೆ ಕಂಪ್ಯೂಟರು ಗೊತ್ತು, ನಮಗೆ ಹೊಲ ಗೊತ್ತು. ಪುಸ್ತಕ ಮಾತ್ರ ಸಂಘದ ಪೆಟ್ಟಿಗೆಯಲ್ಲಿ ಇರಲಿ, ಬೀಗದಕೈ ನಮ್ಮ ಹತ್ತಿರ ಇರಲಿ.

ಈ ಕೆಲಸಕ್ಕೆ ಒಪ್ಪುವ ಸಂಸ್ಥೆ ನಮ್ಮದು. ಒಪ್ಪದೆ ಬರೀ ಫೋಟೋ ತೆಗೆದುಕೊಂಡು ಹೋಗುವವರಿಗೆ ಕಾಫಿ ಕೊಟ್ಟು ಕಳಿಸಿ, ಹೊಲದ ಅಳತೆ ಕೊಡಬೇಡಿ. ಮುಂದಿನ ಬಿತ್ತನೆಗೆ ಮೊದಲು ನಿಮ್ಮೂರ ಸಂಘದ ಸಭೆಯಲ್ಲಿ ಈ ವಿಚಾರ ಇಡಿ. ಯಾವ ಬೆಳೆಯ ಲೆಕ್ಕ ಬರೆಯುತ್ತೀರಿ, ಯಾರು ಬರೆಯುತ್ತಾರೆ ಎಂಬುದನ್ನು ಅಂದೇ ತೀರ್ಮಾನ ಮಾಡಿ.